ನವಜಾತ ಶಿಶುವಿನ ಹೃದಯ ದೋಷ: ತಂದೆತಾಯಿಯರು ಪದೇ ಪದೇ ಕೇಳುವ ಪ್ರಶ್ನೆಗಳು

ಹೆರಿಗೆಯಾಗಿ ಎರಡು ದಿನ ಕಳೆಯುವ ಮೊದಲೇ "ಮಗುವಿನ ಹೃದಯದಲ್ಲಿ ಏನೋ ಸದ್ದು ಕೇಳಿಸುತ್ತಿದೆ, ಒಂದು ಎಕೋ (ಹೃದಯದ ಸ್ಕ್ಯಾನಿಂಗ್) ಮಾಡಿಸಿ" ಎಂದು ವೈದ್ಯರು ಹೇಳಿದರೆ, ಆಮೇಲೆ ಅವರು ಆಡಿದ ಮಾತುಗಳಲ್ಲಿ ಅರ್ಧವೂ ತಂದೆತಾಯಿಯರ ನೆನಪಿನಲ್ಲಿ ಉಳಿಯುವುದಿಲ್ಲ. ಮನೆಗೆ ಬಂದು, ನೆಂಟರಿಷ್ಟರು ತಲೆಗೊಂದು ಮಾತು ಹೇಳತೊಡಗಿದಾಗ ಪ್ರಶ್ನೆಗಳು ಹುಟ್ಟುತ್ತವೆ. ಅಂಥ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಇವು ನಿಮ್ಮ ಮಗುವಿನ ವರದಿಯನ್ನು ನೋಡಿ ಬರೆದವಲ್ಲವಾದ್ದರಿಂದ, ಚಿಕಿತ್ಸೆಯ ವಿಷಯದಲ್ಲಿ ಮಗುವನ್ನು ಪರೀಕ್ಷಿಸಿದ ವೈದ್ಯರ ಮಾತೇ ಅಂತಿಮ.

"ಹೃದಯದಲ್ಲಿ ತೂತು" ಎಂದರೆ ಏನು? ಎಲ್ಲ ಹೃದಯ ದೋಷಗಳೂ ತೂತುಗಳೇ?

ಅಲ್ಲ. ಭ್ರೂಣದ ಹೃದಯವು ಮೂರನೇ ವಾರದಿಂದ ಎಂಟನೇ ವಾರದೊಳಗೆ ರೂಪುಗೊಳ್ಳುತ್ತದೆ. ಮೊದಲು ನೇರ ಕೊಳವೆಯಂತಿದ್ದದ್ದು ಬಾಗಿ, ಒಳಗೆ ಗೋಡೆಗಳೆದ್ದು ನಾಲ್ಕು ಕೋಣೆಗಳಾಗುತ್ತದೆ; ಹೊರಹೋಗುವ ಒಂದೇ ದೊಡ್ಡ ರಕ್ತನಾಳ ಎರಡಾಗಿ, ಒಂದು ಶ್ವಾಸಕೋಶಕ್ಕೂ ಇನ್ನೊಂದು ಮೈಗೂ ರಕ್ತವನ್ನು ಒಯ್ಯುವಂತಾಗುತ್ತದೆ. ಈ ಕೆಲಸ ಯಾವ ಹಂತದಲ್ಲಿ ತಪ್ಪಿತೋ ಅದರಂತೆ ದೋಷದ ಬಗೆ ಬೇರೆಯಾಗುತ್ತದೆ.

ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆ ಪೂರ್ತಿಯಾಗಿ ಕೂಡಿಕೊಳ್ಳದಿದ್ದರೆ ಅದು ವಿಎಸ್‌ಡಿ. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ದೋಷಗಳಲ್ಲಿ ಇದು ಮೊದಲಿನದು. ಮೇಲಿನ ಕೋಣೆಗಳ ನಡುವೆ ರಂಧ್ರವಿದ್ದರೆ ಎಎಸ್‌ಡಿ. ಹುಟ್ಟಿದ ಮೇಲೆ ಮುಚ್ಚಬೇಕಾದ ನಾಳ ತೆರೆದೇ ಉಳಿದರೆ ಪಿಡಿಎ. ಶ್ವಾಸಕೋಶದ ಕಡೆಯ ದಾರಿ ಕಿರಿದಾಗಿ, ಜೊತೆಗೆ ದೊಡ್ಡ ರಂಧ್ರವೂ ಇರುವುದು ಟೆಟ್ರಾಲಜಿ ಆಫ್ ಫ್ಯಾಲೋ. ಎರಡು ದೊಡ್ಡ ರಕ್ತನಾಳಗಳು ಅದಲುಬದಲಾಗಿ ಹುಟ್ಟಿಕೊಂಡಿದ್ದರೆ ಅದನ್ನು ಟಿಜಿಎ ಎನ್ನುತ್ತಾರೆ. ಮೈಗೆ ರಕ್ತ ಒಯ್ಯುವ ದೊಡ್ಡ ನಾಳವಾದ ಮಹಾಪಧಮನಿ ಒಂದು ಕಡೆ ಹಿಸುಕಿದಂತೆ ಕಿರಿದಾಗಿದ್ದರೆ ಕೊಆರ್ಕ್ಟೇಷನ್. ಒಂದು ಕೆಳಕೋಣೆಯೇ ಬೆಳೆಯದೆ ಉಳಿದ ಹೃದಯಗಳೂ ಇವೆ. ಊರಿನ ಮಾತಿನಲ್ಲಿ ಇವೆಲ್ಲವೂ "ತೂತು" ಆಗಿಬಿಡುವುದರಿಂದ, ಪಕ್ಕದ ಮನೆಯ ಮಗುವಿನ ತೂತು ತಾನಾಗಿ ಮುಚ್ಚಿಕೊಂಡಿತೆಂಬ ಮಾತು ನಿಮ್ಮ ಮಗುವಿಗೆ ಅನ್ವಯಿಸದೇ ಇರಬಹುದು. ಆದ್ದರಿಂದ ದೋಷದ ಪೂರ್ಣ ಹೆಸರನ್ನು ಬರೆಸಿಕೊಳ್ಳಿ. ಸಾಧ್ಯವಾದರೆ ವೈದ್ಯರಿಂದ ಒಂದು ಚಿತ್ರವನ್ನೂ ಬಿಡಿಸಿಕೊಳ್ಳಿ. ಐದು ನಿಮಿಷದಲ್ಲಿ ಗೀಚಿದ ಆ ಚಿತ್ರ ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಫೈಲಿನಲ್ಲಿ ಉಳಿದಿರುತ್ತದೆ.

ಇದು ಅಪರೂಪದ ಕಾಯಿಲೆಯೇ?

ಹುಟ್ಟುವ ಸುಮಾರು 100 ಮಕ್ಕಳಲ್ಲಿ ಒಂದಕ್ಕೆ ಯಾವುದಾದರೂ ಒಂದು ಹೃದಯ ದೋಷ ಇರುತ್ತದೆ. ಹೀಗಿರುವ ಮಕ್ಕಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಮೊದಲ ವರ್ಷದಲ್ಲೇ ಶಸ್ತ್ರಚಿಕಿತ್ಸೆ ಅಥವಾ ಕ್ಯಾಥೆಟರ್ ಚಿಕಿತ್ಸೆ (ರಕ್ತನಾಳದೊಳಗೆ ತೆಳು ಕೊಳವೆ ತೂರಿಸಿ ಮಾಡುವುದು) ಬೇಕಾಗುತ್ತದೆ.

ಹುಟ್ಟಿದಾಗ ಜೋರಾಗಿ ಅತ್ತಿತು, ಹಾಲೂ ಕುಡಿಯಿತು. ಮೂರನೇ ದಿನ ಇದ್ದಕ್ಕಿದ್ದಂತೆ ಕೆಟ್ಟದ್ದು ಹೇಗೆ?

ಆಸ್ಪತ್ರೆಯವರು ಏನೋ ಮಾಡಿಬಿಟ್ಟರು ಎಂಬ ಅನುಮಾನ ಹುಟ್ಟುವುದು ಈ ಹಂತದಲ್ಲೇ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು.

ಗರ್ಭದಲ್ಲಿರುವ ಮಗು ಉಸಿರಾಡುವುದಿಲ್ಲ. ಆಮ್ಲಜನಕ ಕರುಳಬಳ್ಳಿಯ ಮೂಲಕ ತಾಯಿಯಿಂದ ಬರುತ್ತದೆ. ಶ್ವಾಸಕೋಶಕ್ಕೆ ಆಗ ಹೆಚ್ಚು ರಕ್ತ ಬೇಕಿಲ್ಲವಾದ್ದರಿಂದ, ಅದನ್ನು ಬಳಸಿಕೊಂಡು ಹೋಗಲು ಎರಡು ಅಡ್ಡದಾರಿಗಳಿರುತ್ತವೆ: ಮೇಲಿನ ಕೋಣೆಗಳ ನಡುವಿನ ಒಂದು ಕಿಂಡಿ, ಮತ್ತು ಎರಡು ದೊಡ್ಡ ರಕ್ತನಾಳಗಳನ್ನು ಸೇರಿಸುವ ಡಕ್ಟಸ್ ಎಂಬ ನಾಳ. ಹುಟ್ಟಿ ಉಸಿರಾಟ ಶುರುವಾದ ಮೇಲೆ ಈ ಡಕ್ಟಸ್ ಸಂಕುಚಿಸತೊಡಗಿ, ದಿನ ತುಂಬಿ ಹುಟ್ಟಿದ ಮಕ್ಕಳಲ್ಲಿ ಸಾಮಾನ್ಯವಾಗಿ ಎರಡು ಮೂರು ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ.

ಈಗ ಶ್ವಾಸಕೋಶಕ್ಕೆ ಹೋಗುವ ಮುಖ್ಯ ದಾರಿಯೇ ಮುಚ್ಚಿಕೊಂಡಿರುವ ಒಂದು ಹೃದಯವನ್ನು ಊಹಿಸಿಕೊಳ್ಳಿ. ಡಕ್ಟಸ್ ತೆರೆದಿರುವಷ್ಟು ಕಾಲ ರಕ್ತ ಅದರ ಮೂಲಕ ಶ್ವಾಸಕೋಶವನ್ನು ತಲುಪುತ್ತಿರುತ್ತದೆ. ಅದು ಮುಚ್ಚಿದ ಗಳಿಗೆಯಿಂದ ಮಗು ನೀಲಿಗಟ್ಟುತ್ತದೆ. ಮಹಾಪಧಮನಿ ಕಿರಿದಾಗಿರುವ ಮಗುವಿನಲ್ಲಿ ಕೆಳಮೈಗೆ ರಕ್ತ ನಿಂತು, ಮೂತ್ರ ಕಡಿಮೆಯಾಗಿ, ಮೈ ತಣ್ಣಗಾಗಿ, ಮಗು ಮಂಕಾಗುತ್ತದೆ. ದೋಷ ಮೊದಲಿನಿಂದಲೂ ಇತ್ತು, ಅಡ್ಡದಾರಿ ಅದನ್ನು ಮರೆಮಾಡಿತ್ತು. ಇಂಥ ಮಗುವಿಗೆ ಪ್ರೊಸ್ಟಗ್ಲಾಂಡಿನ್ ಎಂಬ ಔಷಧವನ್ನು ರಕ್ತನಾಳದ ಮೂಲಕ ಎಡೆಬಿಡದೆ ಹರಿಸಿ ಡಕ್ಟಸ್ ಅನ್ನು ತೆರೆದಿಡುತ್ತಾರೆ. ಅದು ಕಾಯಿಲೆಯನ್ನು ವಾಸಿಮಾಡುವ ಮದ್ದಲ್ಲ, ಶಸ್ತ್ರಚಿಕಿತ್ಸೆಯ ಕೇಂದ್ರ ತಲುಪುವವರೆಗೆ ಸಮಯ ದೊರಕಿಸಿಕೊಡುವ ಮದ್ದು. ಕೆಲವು ಮಕ್ಕಳಲ್ಲಿ ಅದು ಉಸಿರನ್ನೇ ಆಗಾಗ ನಿಲ್ಲಿಸುವುದುಂಟು. ಆದ್ದರಿಂದ ವೆಂಟಿಲೇಟರ್ ಇರುವ ಆಂಬುಲೆನ್ಸ್‌ನಲ್ಲಿಯೇ ಕಳಿಸುತ್ತೇವೆಂದು ವೈದ್ಯರು ಹಟ ಹಿಡಿದರೆ ಅದಕ್ಕೆ ಕಾರಣವಿದೆ.

ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ "ಎಲ್ಲ ಸರಿಯಿದೆ" ಎಂದಿದ್ದರು. ಏಕೆ ಗೊತ್ತಾಗಲಿಲ್ಲ?

ಆ ಹೊತ್ತಿಗೆ ಮಗುವಿನ ಹೃದಯ ಚಿಕ್ಕದು, ಮಗು ಮಲಗಿರುವ ಭಂಗಿ ಮತ್ತು ತಾಯಿಯ ಮೈಕಟ್ಟು ಚಿತ್ರದ ಸ್ಪಷ್ಟತೆಯನ್ನು ಬದಲಿಸುತ್ತವೆ. ಒಂದೇ ಕೆಳಕೋಣೆಯಿರುವಂಥ ದೊಡ್ಡ ದೋಷಗಳು ನಾಲ್ಕು ಕೋಣೆಗಳ ಚಿತ್ರದಲ್ಲಿ ಕಾಣಬಹುದು. ರಕ್ತನಾಳಗಳು ಅದಲುಬದಲಾದದ್ದು ಆ ಚಿತ್ರದಲ್ಲಿ ಕಾಣದು, ಹೊರಹೋಗುವ ನಾಳಗಳನ್ನೂ ಬೇರೆಯಾಗಿ ನೋಡಬೇಕು. ಪಿಡಿಎ ಗರ್ಭದಲ್ಲಿ ಸಹಜವಾಗಿ ಇರಲೇಬೇಕಾದದ್ದು, ಆದ್ದರಿಂದ ಅದನ್ನು ಆಗ ದೋಷವೆಂದು ಗುರುತಿಸುವ ಪ್ರಶ್ನೆಯೇ ಇಲ್ಲ. ಸಣ್ಣ ವಿಎಸ್‌ಡಿ ತಪ್ಪಿಹೋಗುವುದು ಬಹಳ ಸಾಮಾನ್ಯ.

ಇದಕ್ಕೆ ನಾವು ಕಾರಣವೇ? ಗ್ರಹಣದ ದಿನ ಹೊರಗೆ ಬಂದದ್ದಕ್ಕೆ ಹೀಗಾಯಿತೇ?

ಗ್ರಹಣಕ್ಕೂ ಹೃದಯ ದೋಷಕ್ಕೂ ಸಂಬಂಧವಿಲ್ಲ. ಬಸುರಿಯಲ್ಲಿ ಪಪ್ಪಾಯಿ ತಿಂದದ್ದು, ಭಾರ ಎತ್ತಿದ್ದು, ಅತ್ತದ್ದು, ಮನೆಯಲ್ಲಿ ಜಗಳವಾದದ್ದು, ಯಾವುದೂ ಮಗುವಿನ ಹೃದಯದ ಗೋಡೆಯಲ್ಲಿ ರಂಧ್ರ ಮಾಡುವುದಿಲ್ಲ. ಬಹುಪಾಲು ಮಕ್ಕಳಲ್ಲಿ ಇಂಥದ್ದೇ ಕಾರಣವೆಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂದು ಖಚಿತವಾಗುವ ಹೊತ್ತಿಗೇ ಹೃದಯ ರೂಪುಗೊಳ್ಳತೊಡಗಿರುತ್ತದೆ ಎಂಬುದನ್ನು, ಸೊಸೆಯ ಮೇಲೆ ಬೆರಳು ತೋರಿಸುವ ಹಿರಿಯರಿಗೆ ಒಮ್ಮೆ ಹೇಳಬೇಕು.

ಅಪಾಯವನ್ನು ಹೆಚ್ಚಿಸುವ ಕೆಲವು ಸಂಗತಿಗಳು ಖಚಿತವಾಗಿ ಗೊತ್ತಿವೆ: ಗರ್ಭಧಾರಣೆಗೆ ಮುಂಚಿನಿಂದಲೇ ತಾಯಿಗಿದ್ದು ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಮೊದಲ ತಿಂಗಳುಗಳಲ್ಲಿ ತಗುಲಿದ ರುಬೆಲ್ಲಾ ಎಂಬ ವೈರಸ್ ಸೋಂಕು, ಅಪಸ್ಮಾರಕ್ಕೆ ಕೊಡುವ ಕೆಲವು ಮಾತ್ರೆಗಳು, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್. ವರ್ಣತಂತುಗಳ ವ್ಯತ್ಯಾಸದಿಂದಲೂ ಬರುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಹೃದಯ ದೋಷವಿರುತ್ತದೆ. ನಮ್ಮಲ್ಲಿ ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿಯಿದೆ. ದಕ್ಷಿಣ ಭಾರತದಲ್ಲಿ ನಡೆದ ಅಧ್ಯಯನಗಳಲ್ಲಿ ಇಂಥ ದಂಪತಿಗಳ ಮಕ್ಕಳಲ್ಲಿ ಹೃದಯ ದೋಷ ಹೆಚ್ಚಾಗಿ ಕಂಡಿದೆ. ಹಾಗಿದ್ದರೂ ಸಂಬಂಧದೊಳಗೆ ಮದುವೆಯಾದವರ ಮಕ್ಕಳಲ್ಲಿ ಬಹುತೇಕರ ಹೃದಯ ಸರಿಯಾಗಿಯೇ ಇರುತ್ತದೆ. ಈ ಮಾಹಿತಿ ಮುಂದಿನ ಮದುವೆಗಳನ್ನು ಯೋಚಿಸುವವರಿಗಾಗಿ, ಆಗಿಹೋದ ಮದುವೆಯನ್ನು ಹಳಿಯುವುದಕ್ಕಲ್ಲ.

ಮಗುವಿನ ಕೈಕಾಲು ನೀಲಿಯಾಗಿ ಕಾಣುತ್ತದೆ. ಹೆದರಬೇಕೇ?

ಮೊದಲ ದಿನಗಳಲ್ಲಿ, ವಿಶೇಷವಾಗಿ ಚಳಿಯಾದಾಗ, ಅಂಗೈ ಅಂಗಾಲು ನೀಲಿಯಾಗುವುದು ಸಹಜ. ನಾಲಿಗೆ, ವಸಡು, ತುಟಿಯ ಒಳಭಾಗ ನೀಲಿಯಾಗಿದ್ದರೆ ಅದು ಸಹಜವಲ್ಲ. ನಮ್ಮ ಮಕ್ಕಳ ಮೈಬಣ್ಣದಲ್ಲಿ ನೀಲಿ ಬೇಗ ಗೊತ್ತಾಗದು, ಆದ್ದರಿಂದ ಹಗಲು ಬೆಳಕಿನಲ್ಲಿ ನಾಲಿಗೆಯನ್ನೇ ನೋಡಬೇಕು. ಕಣ್ಣಿಗಿಂತ ಪಲ್ಸ್ ಆಕ್ಸಿಮೀಟರ್ ನಂಬಿಕೆಗೆ ಅರ್ಹ: ಹುಟ್ಟಿ 24 ಗಂಟೆಯಾದ ಮೇಲೆ ಬಲಗೈಯಲ್ಲಿ ಮತ್ತು ಒಂದು ಪಾದದಲ್ಲಿ ನೋಡಿದಾಗ ಆಮ್ಲಜನಕ ಶೇ. 95 ಅಥವಾ ಹೆಚ್ಚಿದ್ದು, ಎರಡರ ನಡುವೆ ಶೇ. 3ಕ್ಕಿಂತ ಹೆಚ್ಚು ವ್ಯತ್ಯಾಸ ಇಲ್ಲದಿದ್ದರೆ ಸರಿ. ಶೇ. 90ಕ್ಕಿಂತ ಕೆಳಗಿದ್ದರೆ ತಕ್ಷಣ ತಪಾಸಣೆಯಾಗಬೇಕು. ನೋವಿಲ್ಲದ, ಕೆಲವೇ ನಿಮಿಷಗಳ ಪರೀಕ್ಷೆಯಿದು. ಡಿಸ್ಚಾರ್ಜ್‌ಗೆ ಮುಂಚೆ ಮಾಡಿದ್ದಾರೆಯೇ ಎಂದು ಕೇಳಲು ಸಂಕೋಚಪಡಬೇಡಿ. ಇದರಲ್ಲಿ ಎಲ್ಲ ದೋಷಗಳೂ ಸಿಕ್ಕಿಬೀಳುವುದಿಲ್ಲ. ಕೊಆರ್ಕ್ಟೇಷನ್ ತಪ್ಪಿಸಿಕೊಳ್ಳುವುದುಂಟು, ರಂಧ್ರ ಮಾತ್ರ ಇರುವ ಮಗು ಸಾಮಾನ್ಯವಾಗಿ ಇದರಲ್ಲಿ ಪಾಸಾಗುತ್ತದೆ.

ನೀಲಿಯಾಗದ ಮಗುವಿಗೆ ಹೃದಯದ ತೊಂದರೆ ಇಲ್ಲವೆಂದು ತಿಳಿಯಬಹುದೇ?

ತಿಳಿಯಬಾರದು. ದೊಡ್ಡ ವಿಎಸ್‌ಡಿ ಇರುವ ಮಗು ಕೆಂಪಗೇ ಇರುತ್ತದೆ, ಮೊದಲ ವಾರಗಳಲ್ಲಿ ಚೆನ್ನಾಗಿಯೇ ಇರುತ್ತದೆ. ಶ್ವಾಸಕೋಶದ ರಕ್ತನಾಳಗಳು ನಿಧಾನವಾಗಿ ಸಡಿಲಗೊಂಡಂತೆ ರಂಧ್ರದ ಮೂಲಕ ಅಲ್ಲಿಗೆ ನುಗ್ಗುವ ರಕ್ತ ಹೆಚ್ಚುತ್ತಾ ಹೋಗಿ, ಒಂದೂವರೆ ಎರಡು ತಿಂಗಳ ಹೊತ್ತಿಗೆ ತೊಂದರೆ ಎದ್ದು ಕಾಣುತ್ತದೆ. ಅದನ್ನು ಮೊದಲು ಗುರುತಿಸುವವಳು ಹಾಲೂಡಿಸುವ ತಾಯಿ: ನಾಲ್ಕು ಗುಟುಕಿಗೆ ಏದುಸಿರು, ಹಣೆ ಮತ್ತು ನೆತ್ತಿಯಲ್ಲಿ ಬೆವರು, ಅರ್ಧಕ್ಕೇ ನಿದ್ದೆ, ಮತ್ತೆ ಹಸಿದು ಅಳು. ಮಲಗಿರುವಾಗ ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರು, ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ತೂಕ ಏರದಿರುವುದು ಜೊತೆಗೂಡುತ್ತವೆ. ಮೊದಲ ತಿಂಗಳುಗಳಲ್ಲಿ ದಿನಕ್ಕೆ 20ರಿಂದ 30 ಗ್ರಾಂ ತೂಕ ಏರಬೇಕು. "ಮಗು ಸ್ವಲ್ಪ ಸೋಮಾರಿ, ಹಾಲು ಕುಡಿಯಲ್ಲ" ಎಂದು ಹೇಳಿಬಿಡುವ ಮುನ್ನ ತಾಯಿ ಕಾರ್ಡಿನಲ್ಲಿರುವ ತೂಕದ ಗೆರೆಯನ್ನು ನೋಡಿ.

ಎಕೋ ವರದಿಯಲ್ಲಿ "ಪಿಎಫ್‌ಒ" ಎಂದು ಬರೆದಿದೆ. ಅದೂ ತೂತೇ?

ಗರ್ಭದಲ್ಲಿ ಮೇಲಿನ ಕೋಣೆಗಳ ನಡುವೆ ಇದ್ದ ಆ ಕಿಂಡಿ ಇನ್ನೂ ಮುಚ್ಚಿಲ್ಲವೆಂದು ಅರ್ಥ. ನವಜಾತ ಶಿಶುಗಳಲ್ಲಿ ಇದು ಸಹಜ. ದೊಡ್ಡವರಲ್ಲಿಯೂ ನಾಲ್ವರಲ್ಲಿ ಒಬ್ಬರಿಗೆ ಉಳಿದಿರುತ್ತದೆ. ಇದೊಂದೇ ಇದ್ದರೆ ಚಿಂತೆ ಬೇಡ.

ತಾನಾಗಿಯೇ ಮುಚ್ಚಿಕೊಳ್ಳುತ್ತದಂತೆ. ಕಾಯಬಹುದಲ್ಲವೇ?

ಕಾಯಬಹುದಾದ ದೋಷಗಳಿವೆ, ಕಾಯಲೇಬಾರದ ದೋಷಗಳೂ ಇವೆ. ಈ ಪುಟದಲ್ಲಿ ಒಂದೇ ಒಂದು ಉತ್ತರವನ್ನು ಓದುವಿರಾದರೆ ಇದನ್ನು ಓದಿ, ಏಕೆಂದರೆ ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಚಿಕಿತ್ಸೆ ತಪ್ಪುವುದು ದುಡ್ಡಿಲ್ಲದೆ ಮಾತ್ರವಲ್ಲ, ಸಮಯ ಮೀರಿದ್ದರಿಂದ.

ಕೆಳಗೋಡೆಯ ಸ್ನಾಯುಭಾಗದಲ್ಲಿರುವ ಸಣ್ಣ ವಿಎಸ್‌ಡಿಗಳು ಹೆಚ್ಚಾಗಿ ಮೊದಲ ಒಂದೆರಡು ವರ್ಷಗಳಲ್ಲಿ ಮುಚ್ಚಿಕೊಳ್ಳುತ್ತವೆ. ಶ್ವಾಸಕೋಶದ ಕವಾಟದ ಕೆಳಗಿರುವ ವಿಎಸ್‌ಡಿ ಹಾಗಲ್ಲ: ಅದು ಮುಚ್ಚುವ ಭರವಸೆಯಿಲ್ಲ, ಮೇಲಾಗಿ ಪಕ್ಕದ ಮಹಾಪಧಮನಿಯ ಕವಾಟವನ್ನು ಜಗ್ಗಿ ಹಾಳುಮಾಡಬಹುದು. ಹೀಗೆ ರಂಧ್ರ ಎಷ್ಟು ಮಿಲಿಮೀಟರ್ ಎಂಬುದರಷ್ಟೇ ಅದು ಎಲ್ಲಿದೆ ಎಂಬುದೂ ಮುಖ್ಯ. ದೊಡ್ಡ ವಿಎಸ್‌ಡಿಯನ್ನು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ ಮುಚ್ಚುತ್ತಾರೆ. ಅದನ್ನು ವರ್ಷಗಟ್ಟಲೆ ಬಿಟ್ಟರೆ, ಒತ್ತಡದ ರಕ್ತ ಹೊಡೆದು ಹೊಡೆದು ಶ್ವಾಸಕೋಶದ ರಕ್ತನಾಳಗಳು ಗಟ್ಟಿಯಾಗಿ, ಕೊನೆಗೆ ಆಮ್ಲಜನಕ ಕಡಿಮೆಯಿರುವ ಕೆಟ್ಟ ರಕ್ತವೇ ಹಿಂದಿರುಗಿ ಮೈಗೆ ಹರಿಯತೊಡಗುತ್ತದೆ. ಇದನ್ನು ಐಸೆನ್‌ಮೆಂಗರ್ ಸ್ಥಿತಿ ಎನ್ನುತ್ತಾರೆ. ಆಗ ರಂಧ್ರ ಮುಚ್ಚಿದರೆ ಅಪಾಯವೇ ಹೆಚ್ಚು. ಇದರ ಮೋಸವೆಂದರೆ, ನಾಳಗಳು ಗಟ್ಟಿಯಾಗುವ ನಡುಹಂತದಲ್ಲಿ ಶ್ವಾಸಕೋಶಕ್ಕೆ ನುಗ್ಗುವ ರಕ್ತ ಕಡಿಮೆಯಾಗಿ ಮಗುವಿನ ಏದುಸಿರು ಇಳಿಯುತ್ತದೆ, ತೂಕ ಏರುತ್ತದೆ, ಮನೆಯವರು "ಈಗ ಸುಧಾರಿಸಿದೆ" ಎಂದು ಆಸ್ಪತ್ರೆಗೆ ಹೋಗುವುದನ್ನೇ ಬಿಡುತ್ತಾರೆ.

ರಕ್ತನಾಳಗಳು ಅದಲುಬದಲಾಗಿದ್ದರೆ ಗಡುವು ಇನ್ನೂ ಚಿಕ್ಕದು: ಮೊದಲ ಎರಡು ಮೂರು ವಾರಗಳೊಳಗೆ ಶಸ್ತ್ರಚಿಕಿತ್ಸೆ ಆಗಬೇಕು, ಏಕೆಂದರೆ ಕಡಿಮೆ ಒತ್ತಡದಲ್ಲಿ ಕೆಲಸ ಮಾಡುವ ಎಡಕೋಣೆ ದಿನಗಳೆದಂತೆ ಬಲ ಕಳೆದುಕೊಳ್ಳುತ್ತದೆ. ಟೆಟ್ರಾಲಜಿಯನ್ನು ಬಹುಪಾಲು ಆರರಿಂದ 12 ತಿಂಗಳೊಳಗೆ ಸರಿಪಡಿಸುತ್ತಾರೆ. ಎಎಸ್‌ಡಿಗೆ ಮೂರರಿಂದ ಐದು ವರ್ಷದವರೆಗೂ ಕಾಯಬಹುದು. ಹಲವರಲ್ಲಿ ಎದೆ ತೆರೆಯದೆ, ತೊಡೆಯ ರಕ್ತನಾಳದ ಮೂಲಕ ಡಿವೈಸ್ ಎಂಬ ಮುಚ್ಚಳದಂಥ ಸಾಧನ ಕೂರಿಸಿ ಮುಚ್ಚಲು ಸಾಧ್ಯ. ಆದ್ದರಿಂದ "ಆಪರೇಷನ್ ಬೇಕೇ" ಎಂಬುದಕ್ಕಿಂತ "ಯಾವ ತಿಂಗಳೊಳಗೆ ಆಗಬೇಕು, ಅದು ಮೀರಿದರೆ ಏನಾಗುತ್ತದೆ" ಎಂದು ಕೇಳಿ, ಉತ್ತರವನ್ನು ದಿನಾಂಕದ ಸಮೇತ ಬರೆದಿಟ್ಟುಕೊಳ್ಳಿ.

ಇಷ್ಟು ಚಿಕ್ಕ ಮಗು ಆಪರೇಷನ್ ತಡೆದುಕೊಳ್ಳುತ್ತದೆಯೇ? ತೂಕ ಬರಲಿ ಎಂದು ಕಾಯಬಾರದೇ?

ನೀಲಿಗಟ್ಟಿದ ಮಕ್ಕಳಿಗೆ ಮೊದಲ ಶಸ್ತ್ರಚಿಕಿತ್ಸೆ ನಡೆದದ್ದು 1944ರ ನವೆಂಬರಿನಲ್ಲಿ, ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ. ಕೈಗೆ ಹೋಗುವ ರಕ್ತನಾಳವನ್ನು ಶ್ವಾಸಕೋಶದ ನಾಳಕ್ಕೆ ಜೋಡಿಸುವ ಆ ವಿಧಾನಕ್ಕೆ ಬ್ಲೇಲಾಕ್, ಥಾಮಸ್, ಟಾಸಿಗ್ ಎಂಬ ಮೂವರ ಹೆಸರಿದೆ. ಅವರಲ್ಲಿ ವಿವಿಯನ್ ಥಾಮಸ್ ವೈದ್ಯಕೀಯ ಪದವಿಯಿಲ್ಲದ ಕಪ್ಪುವರ್ಣೀಯ ಪ್ರಯೋಗಾಲಯ ಸಹಾಯಕರಾಗಿದ್ದರು. ಅದಲುಬದಲಾದ ನಾಳಗಳನ್ನು ಸ್ವಸ್ಥಾನಕ್ಕೆ ಜೋಡಿಸುವ ಶಸ್ತ್ರಚಿಕಿತ್ಸೆಯನ್ನು 1975ರಲ್ಲಿ ಬ್ರೆಜಿಲ್‌ನ ಅಡಿಬ್ ಜಟೇನೆ ಯಶಸ್ವಿಯಾಗಿ ಮಾಡಿದರು. ಇಂದು ಅನುಭವವಿರುವ ಕೇಂದ್ರಗಳಲ್ಲಿ ಮೂರು ಕೆಜಿಯೂ ಇಲ್ಲದ ಶಿಶುಗಳಿಗೆ ಇದನ್ನು ಮಾಡುತ್ತಾರೆ. ಕಾಯಲು ವೈದ್ಯರೇ ಹೇಳಿದರೆ ಕಾಯಿರಿ. ಹೃದಯದ ತೊಂದರೆಯಿಂದಲೇ ತೂಕ ಏರದಿರುವ ಮಗುವಿನ ತೂಕ ಏರಲಿ ಎಂದು ಮನೆಯಲ್ಲಿ ಕಾಯುವುದು ಮಾತ್ರ ಬತ್ತಿದ ಬಾವಿಯ ಬಳಿ ಕೊಡ ಹಿಡಿದು ನಿಂತಂತೆ.

ಎದೆಹಾಲು ಕೊಡಬಹುದೇ?

ಕೊಡಬೇಕು. ಚೀಪಿ ಸುಸ್ತಾಗುವ ಮಗುವಿಗೆ ಹಾಲು ಹಿಂಡಿ, ಕುದಿಸಿ ಆರಿಸಿದ ಒಳಲೆಯಲ್ಲಿ, ತಲೆ ತುಸು ಮೇಲಿರುವಂತೆ ಹಿಡಿದು, ಸ್ವಲ್ಪ ಸ್ವಲ್ಪವಾಗಿ ಎರಡು ಗಂಟೆಗೊಮ್ಮೆ ಕುಡಿಸಿ. ಮಲಗಿಸಿ ಬಾಯಿಗೆ ಸುರಿಯುವ ಹಳೆಯ ಕ್ರಮ ಬೇಡ. ಒಂದು ಸಲದ ಹಾಲು ಅರ್ಧ ಗಂಟೆ ಮೀರಿದರೆ ಕುಡಿಯುವ ಶ್ರಮದಲ್ಲೇ ಮಗುವಿನ ಶಕ್ತಿ ಖರ್ಚಾಗುತ್ತದೆ. ಅಂಥ ಮಕ್ಕಳಿಗೆ ಕೆಲವು ವಾರ ಮೂಗಿನ ಕೊಳವೆಯಿಂದ ಹಾಲು ಕೊಡುವುದುಂಟು.

ಔಷಧಗಳ ವಿಷಯದಲ್ಲಿ ಯಾವ ಎಚ್ಚರ ಬೇಕು?

ಶಿಶುಗಳಿಗೆ ಬೇಕಾದ ಅಳತೆಯಲ್ಲಿ ಕೆಲವು ಔಷಧಗಳು ಸಿರಪ್ ರೂಪದಲ್ಲಿ ಸಿಗುವುದಿಲ್ಲ. ಮಾತ್ರೆಯನ್ನು ಇಷ್ಟು ಎಂಎಲ್ ನೀರಿನಲ್ಲಿ ಕರಗಿಸಿ ಅದರಲ್ಲಿ ಇಷ್ಟು ಎಂಎಲ್ ಕೊಡಿ ಎಂದು ಬರೆದಿರುತ್ತಾರೆ. ಚಮಚದ ಅಂದಾಜು ಬೇಡ, ಸೂಜಿಯಿಲ್ಲದ ಸಿರಿಂಜ್ ಬಳಸಿ, ಮೊದಲ ಸಲ ನರ್ಸ್ ಎದುರಿಗೇ ಮಾಡಿ ತೋರಿಸಿ. ಡಿಜಾಕ್ಸಿನ್ ಎಂಬ ಹೃದಯದ ಔಷಧ ಕೊಟ್ಟ ಮೇಲೆ ಮಗು ವಾಂತಿ ಮಾಡಿದರೆ ಕೇಳದೆ ಎರಡನೇ ಸಲ ಕೊಡಬೇಡಿ. ತೂಕ ಏರಿದಂತೆ ಅಳತೆ ಬದಲಾಗುತ್ತದೆ, ಹಳೆಯ ಚೀಟಿಯನ್ನೇ ಮುಂದುವರಿಸಬೇಡಿ.

ಎಣ್ಣೆ, ಸ್ನಾನ, ಸಾಂಬ್ರಾಣಿ, ಲಸಿಕೆ?

ಎಣ್ಣೆ ನೀವುವುದು, ಬೆಚ್ಚಗಿನ ನೀರಿನ ಸ್ನಾನ ಸರಿ. ಸಾಂಬ್ರಾಣಿ ಮತ್ತು ಕೆಂಡದ ಹೊಗೆ ಈ ಮಕ್ಕಳಿಗೆ ಖಂಡಿತ ಬೇಡ. ಲಸಿಕೆಗಳನ್ನು ಸಾಮಾನ್ಯವಾಗಿ ನಿಗದಿತ ದಿನಕ್ಕೇ ಹಾಕಿಸಬೇಕು. ನೆಗಡಿ, ನ್ಯುಮೋನಿಯಾ ಇಂಥ ಮಕ್ಕಳನ್ನು ಬೇಗ ಕೆಡವುತ್ತವೆ. ಬಾಲಗ್ರಹವೆಂದು ಬರೆ ಹಾಕಿಸುವುದು ಸುಟ್ಟಗಾಯ ಮತ್ತು ಸೋಂಕನ್ನು ಮಾತ್ರ ತರುತ್ತದೆ. ದೃಷ್ಟಿ ತೆಗೆಯುವುದರಿಂದ ಮನೆಯವರಿಗೆ ಸಮಾಧಾನವಾಗುವುದಾದರೆ ಯಾರ ಅಡ್ಡಿಯೂ ಇಲ್ಲ, ಅದಕ್ಕಾಗಿ ಆಸ್ಪತ್ರೆಯ ದಿನ ತಪ್ಪಬಾರದು ಅಷ್ಟೆ.

ಯಾವಾಗ ತಡಮಾಡದೆ ಆಸ್ಪತ್ರೆಗೆ ಓಡಬೇಕು?

ನಾಲಿಗೆ ನೀಲಿಯಾದರೆ, ಹಾಲು ಪೂರ್ತಿ ಬಿಟ್ಟರೆ, ಉಸಿರಿಗೆ ನರಳಿದರೆ, ಆರೇಳು ಗಂಟೆ ಮೂತ್ರ ಮಾಡದಿದ್ದರೆ, ಮೈ ತಣ್ಣಗಾಗಿ ಬಿಳಿಚಿಕೊಂಡರೆ, ಎಬ್ಬಿಸಿದರೂ ಏಳದಿದ್ದರೆ. ಟೆಟ್ರಾಲಜಿ ಇರುವ ಮಕ್ಕಳಲ್ಲಿ, ಹೆಚ್ಚಾಗಿ ಬೆಳಗ್ಗೆ ಎದ್ದಾಗ ಅಥವಾ ಅಳುವಾಗ, ಒಮ್ಮೆಗೇ ನೀಲಿ ಹೆಚ್ಚಿ ಆಳವಾದ ವೇಗದ ಉಸಿರು ಶುರುವಾಗುವುದುಂಟು. ಆಗ ಮಗುವಿನ ಎರಡೂ ಮೊಣಕಾಲನ್ನು ಮಡಿಸಿ ಎದೆಗೆ ಒತ್ತಿ ಹಿಡಿದು, ಸಂತೈಸುತ್ತಾ, 108ಕ್ಕೆ ಕರೆ ಮಾಡಿ. ಅದು ತಾನಾಗಿ ನಿಂತರೂ ಅದೇ ದಿನ ವೈದ್ಯರಿಗೆ ತಿಳಿಸಬೇಕು. ಈ ಮಕ್ಕಳಿಗೆ ಭೇದಿಯಾಗಿ ನೀರು ಆರುವುದೂ ಅಪಾಯ.

ಖರ್ಚು ಹೇಗೆ?

ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು ಸಿಗುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಹೃದಯ ದೋಷವೂ ಸೇರಿದೆ. ಆಶಾ ಕಾರ್ಯಕರ್ತೆ ಅಥವಾ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗದ ಮೂಲಕ ಅದಕ್ಕೆ ಹೆಸರು ಸೇರಿಸಬಹುದು. ರಾಜ್ಯ ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿದೆ. ಬೆಂಗಳೂರು ವೈಟ್‌ಫೀಲ್ಡ್‌ನ ಶ್ರೀ ಸತ್ಯಸಾಯಿ ಆಸ್ಪತ್ರೆ 2001ರಿಂದ ಹೃದಯ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಮಾಡುತ್ತಿದೆ. ರೇಷನ್ ಕಾರ್ಡ್, ಆಧಾರ್, ಮಗುವಿನ ಜನನ ಪ್ರಮಾಣಪತ್ರ, ಎಕೋ ವರದಿ, ರೆಫರಲ್ ಪತ್ರ ಇವುಗಳ ಪ್ರತಿಗಳನ್ನು ಒಂದೇ ಫೈಲಿನಲ್ಲಿಡಿ. ಒಡವೆ ಅಡವಿಡುವುದಕ್ಕೆ ಮುಂಚೆ ಈ ಯೋಜನೆಗಳ ನೆರವು ಕೊಡಿಸಲು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕಾಣಿರಿ.

ಆಪರೇಷನ್ ಆದ ಮೇಲೆ ಮಗು ಎಲ್ಲರಂತೆ ಬೆಳೆಯುತ್ತದೆಯೇ?

ಸಕಾಲದಲ್ಲಿ ಮುಚ್ಚಿದ ವಿಎಸ್‌ಡಿ, ಎಎಸ್‌ಡಿ, ಪಿಡಿಎ ಇರುವ ಮಕ್ಕಳು ಸಾಮಾನ್ಯವಾಗಿ ಓಡಿ ಆಡಿ ಬೆಳೆಯುತ್ತಾರೆ. ಟೆಟ್ರಾಲಜಿಯ ಮಕ್ಕಳಲ್ಲಿ ಹಲವರಿಗೆ ದೊಡ್ಡವರಾದ ಮೇಲೆ ಕವಾಟದ ಚಿಕಿತ್ಸೆ ಬೇಕಾಗಬಹುದು. ಒಂದೇ ಕೆಳಕೋಣೆಯಿರುವ ಮಕ್ಕಳಿಗೆ ಎರಡು ಮೂರು ಹಂತದ ಶಸ್ತ್ರಚಿಕಿತ್ಸೆ ಮತ್ತು ಜೀವನವಿಡೀ ತಪಾಸಣೆ ಬೇಕು. ಎದೆಯ ಮೂಳೆ ಕೂಡುವವರೆಗೆ, ಅಂದರೆ ಸುಮಾರು ಆರು ವಾರ, ಮಗುವನ್ನು ಕಂಕುಳಿಗೆ ಕೈಹಾಕಿ ಎತ್ತದೆ, ಬೆನ್ನು ಮತ್ತು ಕುಂಡೆಯ ಕೆಳಗೆ ಕೈಯಿಟ್ಟು ಎತ್ತಬೇಕು. ಹಲ್ಲು ಬಂದ ಮೇಲೆ ಹುಳುಕಾಗದಂತೆ ನೋಡಿಕೊಳ್ಳಬೇಕು, ಬಾಯಿಯ ಸೋಂಕು ರಕ್ತದ ಮೂಲಕ ಹೃದಯಕ್ಕೆ ಹರಡಬಹುದು. ಹೆಣ್ಣುಮಗುವಾದರೆ "ಮುಂದೆ ಮದುವೆಗೆ ತೊಡಕು" ಎಂದು ಕಾಗದಪತ್ರಗಳನ್ನು ಬಚ್ಚಿಡುವವರಿದ್ದಾರೆ. ಅವಳು ಬಸುರಿಯಾದಾಗ ಆಗಿನ ವೈದ್ಯರಿಗೆ ಮೊದಲು ಬೇಕಾಗುವುದು ಆ ಕಾಗದಗಳೇ.

ಮುಂದಿನ ಮಗುವಿಗೂ ಬರುತ್ತದೆಯೇ?

ಒಂದು ಮಗುವಿಗೆ ದೋಷವಿದ್ದರೆ ಮುಂದಿನದಕ್ಕೆ ಬರುವ ಸಾಧ್ಯತೆ ಸಾಮಾನ್ಯವಾಗಿ 100ಕ್ಕೆ ಎರಡು ಮೂರು. ತಾಯಿಗೇ ದೋಷವಿದ್ದರೆ ಇನ್ನೂ ತುಸು ಹೆಚ್ಚು. ಗರ್ಭಧಾರಣೆಗೆ ಮುಂಚಿನಿಂದ ಫೋಲಿಕ್ ಆಸಿಡ್, ಸಕ್ಕರೆ ಕಾಯಿಲೆಯಿದ್ದರೆ ಹತೋಟಿ, ರುಬೆಲ್ಲಾ ಲಸಿಕೆ ಆಗಿಲ್ಲದಿದ್ದರೆ ಬಸುರಿಯಾಗುವ ಕನಿಷ್ಠ ಒಂದು ತಿಂಗಳು ಮುಂಚೆ ಅದನ್ನು ಹಾಕಿಸಿಕೊಳ್ಳುವುದು ಅಗತ್ಯ. 18ರಿಂದ 22 ವಾರಗಳ ನಡುವೆ ಸಾಮಾನ್ಯ ಸ್ಕ್ಯಾನಿಂಗ್ ಸಾಲದು, ಭ್ರೂಣದ ಹೃದಯದ ಎಕೋ ಪ್ರತ್ಯೇಕವಾಗಿ ಮಾಡಿಸಬೇಕು. ಅದರಲ್ಲಿ ದೊಡ್ಡ ದೋಷ ಕಂಡರೆ, ಹೆರಿಗೆಯನ್ನು ಮಕ್ಕಳ ಹೃದಯ ಶಸ್ತ್ರಚಿಕಿತ್ಸೆ ಇರುವ ಊರಿನಲ್ಲೇ ಮಾಡಿಸುವ ಏರ್ಪಾಡಿಗೆ ಮೂರು ನಾಲ್ಕು ತಿಂಗಳು ಕೈಯಲ್ಲಿರುತ್ತವೆ. ಆ ಎಕೋಗೆ ಹೋಗುವಾಗ ಮೊದಲ ಮಗುವಿನ ವರದಿಗಳನ್ನೂ ಜೊತೆಗೆ ಒಯ್ಯಿರಿ.